ಗೌಂಡಿ ನೋಡುವ ಶಾಸ್ತ್ರ

ನಮ್ಮ ಜಮಖಂಡಿ, ಮುಧೋಳ ಸೀಮೆಯಲ್ಲಿ ಮನೆಗೆ ಪಾಯ ಬೀಳುವುದು ಪಂಚಾಂಗ ನೋಡಿ ಅಲ್ಲ, ಕಬ್ಬಿನ ಬಿಲ್ಲು ನೋಡಿ. ದೀಪಾವಳಿ ಆಸುಪಾಸು ಕಾರ್ಖಾನೆಗಳು ಕಬ್ಬು ಅರೆಯಲು ಸುರು ಮಾಡುತ್ತವೆ. ಬಿಲ್ಲು ಕೈಗೆ ಬಂದು, ಸೊಸೈಟಿ ಸಾಲ ಮುರಿದು, ಉಳಿದದ್ದನ್ನು ಎಣಿಸುವಷ್ಟರಲ್ಲಿ ಶಿವರಾತ್ರಿ ದಾಟಿರುತ್ತದೆ. ಯುಗಾದಿಗೆ ಪಾಯಪೂಜೆ, ಬಸವ ಜಯಂತಿಗೆ ಗೋಡೆ, ರೋಹಿಣಿ ಮಳೆಗೆ ಮುಂಚೆ ಸ್ಲ್ಯಾಬು. ಅಂದರೆ ಬಿಸಿಲು 40 ಡಿಗ್ರಿ ಮುಟ್ಟಿ, ಬೋರುಗಳು ಕೆಮ್ಮಿ, ಕೃಷ್ಣೆಯ ಪಾತ್ರದಲ್ಲಿ ಬಂಡೆ ಕಾಣುವ ದಿನಗಳಲ್ಲೇ ನಾವು ಕಾಂಕ್ರೀಟು ಕಲಸಲು ಕೂಡುತ್ತೇವೆ.

ಭೂಗೋಳದ ಪುಸ್ತಕ ನಮ್ಮನ್ನು ಮರುಭೂಮಿಗೆ ಸೇರಿಸಿಲ್ಲ. ಉತ್ತರ ಒಣ ವಲಯ ಎಂದು ಮರ್ಯಾದೆಯಿಂದ ಕರೆದಿದೆ. ಮಳೆ ಸಾಮಾನ್ಯವಾಗಿ ವರ್ಷಕ್ಕೆ 600 ಮಿಲಿಮೀಟರ್ ಒಳಗೆ. ಮೇ ತಿಂಗಳ ಮಧ್ಯಾಹ್ನ ಬೀಳಗಿಯ ಬಯಲಲ್ಲಿ ಬಸ್ಸಿಗೆ ಕಾದವರು ಆ ಮರ್ಯಾದೆಯನ್ನು ಪುಸ್ತಕಕ್ಕೇ ವಾಪಸು ಮಾಡಿಯಾರು.

ಬನಹಟ್ಟಿಯ ನಮ್ಮ ಮನೆ ನೇಕಾರರದು. ನಾನು ಸೊಸೆಯಾಗಿ ಬಂದಾಗ ಪಡಸಾಲೆಯಲ್ಲಿ ಕುಣಿಮಗ್ಗವಿತ್ತು. ಮಾವನವರು ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಊಟಕ್ಕೆ ಮಾತ್ರ ಏಳುತ್ತಿದ್ದರು. ಗೋಡೆ ಎರಡು ಮೊಳ ದಪ್ಪ. ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸಣ್ಣ ಕಟ್ಟಿಗೆ, ಬೇವಿನ ತಪ್ಪಲು, ಅದರ ಮೇಲೆ ಮೊಳದುದ್ದ ಮಣ್ಣು. ಎಲ್ಲಕ್ಕೂ ಮೇಲೆ ಕರಲು ಮಣ್ಣಿನ ಹೊದಿಕೆ. ಸವಳು ನೆಲದ ಆ ಮಣ್ಣು ಬೆಳೆಗೆ ವೈರಿ, ಮಾಳಿಗೆಗೆ ಬಂಧು. ನೀರು ತಾಗಿದ ಕೂಡಲೇ ಅದರ ಕಣಗಳು ಬಿಡಿಬಿಡಿಯಾಗಿ ಸಂದುಗೊಂದುಗಳನ್ನೆಲ್ಲ ಮುಚ್ಚುತ್ತವೆ. ನೀರು ಕೆಳಗಿಳಿಯುವುದಿಲ್ಲ, ಹುಲ್ಲೂ ಏಳುವುದಿಲ್ಲ. ಪ್ರತಿ ಬೇಸಿಗೆ ಮಳೆಗೆ ಮುಂಚೆ ಒಂದು ಚಕ್ಕಡಿ ಕರಲು ತರಿಸಿ ಮೇಲೆ ಹರವುವುದು ಮನೆಯ ಗಂಡಸರ ಕೆಲಸ.

ಸೂರ್ಯನ ಕಾವು ಅಷ್ಟು ಮಣ್ಣು ದಾಟಿ ಒಳಗಿಳಿಯುವಷ್ಟರಲ್ಲಿ ಸಂಜೆಯಾಗಿರುತ್ತಿತ್ತು. ಆ ಹೊತ್ತಿಗೆ ಮನೆಮಂದಿಯೆಲ್ಲ ಹಾಸಿಗೆ ಹೊತ್ತು ಮಾಳಿಗೆ ಏರಿರುತ್ತಿದ್ದರು. ಮಗ್ಗಕ್ಕೂ ಅದೇ ತಂಪು ಬೇಕಿತ್ತು. ಹತ್ತಿ ನೂಲಿಗೆ ತೇವವಿದ್ದರೆ ಬಲ. ಗಾಳಿ ಒಣಗಿತೆಂದರೆ ಹಾಸಿನ ಎಳೆ ಪಟಪಟ ಹರಿಯುತ್ತದೆ. ಅದಕ್ಕೇ ಮಗ್ಗ ನೆಲದೊಳಗೆ, ಮನೆ ಅರೆಗತ್ತಲಲ್ಲಿ. ಆ ಮನೆ ಕಟ್ಟಿದ ಗೌಂಡಿಗೆ ಓದು ಬರುತ್ತಿತ್ತೋ ಇಲ್ಲವೋ, ನೇಯ್ಗೆ ಏನು ಬೇಡುತ್ತದೆ ಎಂಬುದಂತೂ ಗೊತ್ತಿತ್ತು.

ಮುಂದೆ ನಮ್ಮ ಚಿಕ್ಕಮಾವ ಪವರ್‌ಲೂಮ್ ಹಾಕಿ ತಗಡಿನ ಶೆಡ್ಡು ಕಟ್ಟಿಸಿದರು. ಗುತ್ತಿಗೆ ಹಿಡಿದವನು ಬೇರೆ ಊರಿನವ. ಶೆಡ್ಡು ಎಷ್ಟುದ್ದ, ಎಷ್ಟಗಲ ಎಂದು ಕೇಳಿದ. ಒಳಗೆ ಏನು ನಡೆಯುತ್ತದೆ ಎಂದು ಕೇಳಲಿಲ್ಲ. ಹೇಳಿದ ದಿನಕ್ಕೆ ಮುಗಿಸಿ, ಹೇಳಿದಷ್ಟೇ ದುಡ್ಡು ಎಣಿಸಿಕೊಂಡು ಹೋದ. ಚೈತ್ರ ಬಂತು. ಚಿಕ್ಕಮಾವ ಗಂಟೆಗೊಮ್ಮೆ ನೆಲಕ್ಕೆ ನೀರು ಹೊಡೆದು, ಕಿಟಕಿಗೆ ಒದ್ದೆ ಗೋಣಿತಟ್ಟು ಇಳಿಬಿಟ್ಟು, ಹರಿದ ಎಳೆ ಕೂಡಿಸುತ್ತ ಕೂತರು. ಕೆಲಸಗಾರರು ಮಧ್ಯಾಹ್ನ ಶೆಡ್ಡು ಬಿಟ್ಟು ಬೇವಿನ ಗಿಡದ ಕೆಳಗೆ ಬರುತ್ತಿದ್ದರು.

ಹಾಗಾಗಿ ನಮ್ಮ ಹಿತ್ತಿಲಲ್ಲಿ ಎರಡು ಖೋಲಿ, ಒಂದು ಮಗ್ಗದ ಮನೆ ಕಟ್ಟಿಸುವ ಮಾತು ಬಂದಾಗ ಯಾರಿಗೆ ಕೊಡಬೇಕೆಂಬುದೇ ದೊಡ್ಡ ಚರ್ಚೆಯಾಯಿತು. ಮಾವನವರು ಯಾರೂ ಬೇಡ ಎಂದರು. ಅವರ ಆಧಾರ ಚಿಕ್ಕಪಡಸಲಗಿ. 1989ರಲ್ಲಿ ಜಮಖಂಡಿ ಕಡೆಯ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ದುಡ್ಡು ಕೂಡಿಸಿ, ತಾವೇ ಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ್ದರಲ್ಲ, ಅದೇ ಶ್ರಮಬಿಂದು ಸಾಗರ.

"ಹೊಳಿಗೇ ಒಡ್ಡು ಕಟ್ಟಿದ ಮಂದಿ ನಾವು. ಎರಡು ಖೋಲಿಗೆ ಕಾಂಟ್ರ್ಯಾಕ್ಟರ್ ಯಾಕ ಬೇಕು?"

ಒಳಗಿನಿಂದ ಅತ್ತೆಯವರ ಉತ್ತರ ಬಂತು: "ಒಡ್ಡು ಸೋರಿದರ ನೀರು ಹೊಳಿಗೆ ಹೋಕ್ಕೈತಿ. ಮಾಳಿಗಿ ಸೋರಿದರ ನನ್ನ ಒಲಿಗೆ ಬರತೈತಿ."

ಕೊನೆಗೆ ಮಾವನವರು ನನ್ನ ಕಡೆ ತಿರುಗಿದರು. "ನೀನ ನೋಡವಾ. ಸಾಲಿ ಕಲಿಸಾಕಿ, ಪರೀಕ್ಷೆ ತಗೊಳ್ಳೂದು ನಿನಗ ರೂಢಿ ಐತಿ."

ಹೆಣ್ಣು ನೋಡುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ: ಮನೆತನ ವಿಚಾರಿಸುತ್ತಾರೆ, ನಾಲ್ಕು ಮಂದಿಯನ್ನು ಕೇಳುತ್ತಾರೆ, ನಡೆಸಿ ನೋಡುತ್ತಾರೆ, ಅಡಿಗೆ ಬರುತ್ತದೋ ಎನ್ನುತ್ತಾರೆ. ಗೌಂಡಿ ನೋಡುವುದಕ್ಕೆ ಅಂಥದ್ದೇನೂ ಇಲ್ಲ. "ಚದರ ಅಡಿಗೆ ಎಷ್ಟು?" ಎಂಬ ಒಂದೇ ಪ್ರಶ್ನೆ, ಇಸಾರ ಕೈಬದಲು, ಕತೆ ಮುಗಿಯಿತು.

ಮೊದಲು ಹೀಗಿರಲಿಲ್ಲ. ಮಾವನವರ ಪ್ರಾಯದ ಕಾಲದಲ್ಲಿ ಸಿಮೆಂಟು ಬೇಕೆಂದರೆ ಪರ್ಮಿಟ್ಟು ಬೇಕು. 1982ರಲ್ಲಿ ಆ ನಿಯಂತ್ರಣ ಅರ್ಧ ಸಡಿಲಾಗಿ, 1989ರಲ್ಲಿ ಪೂರ್ತಿ ಹೋಯಿತು. ಪರ್ಮಿಟ್ಟಿಗೆ ಅರ್ಜಿ ಹಾಕಿ ಸಿಕ್ಕ ನಾಲ್ಕು ಚೀಲ ಬಚ್ಚಲಿಗೆ ಸಾಲುತ್ತಿತ್ತು. ಉಳಿದದ್ದಕ್ಕೆಲ್ಲ ಮಣ್ಣು, ಇಲ್ಲವೇ ಸುಣ್ಣದ ಗಚ್ಚು. ಸುಣ್ಣವನ್ನು ನೆನೆಹಾಕಿ, ಉಸುಕು ಕೂಡಿಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆಯಬೇಕು. 1656ರ ಸುಮಾರಿಗೆ ಮುಗಿದ ವಿಜಯಪುರದ ಗೋಳಗುಮ್ಮಟ ನಿಂತಿರುವುದೂ ಸುಣ್ಣದ ಗಾರೆಯ ಮೇಲೆಯೇ. ಸುಣ್ಣ ಅವಸರ ಮಾಡಿದವನಿಗೆ ಒಲಿಯುವುದಿಲ್ಲ. ಹೀಗಾಗಿ ಹತ್ತಾರು ವರ್ಷ ಹಿರಿಯನ ಕೈಕೆಳಗೆ ಬುಟ್ಟಿ ಹೊತ್ತವನೇ ಗೌಂಡಿಯಾಗುತ್ತಿದ್ದ. ಸಿಮೆಂಟಿನ ಚೀಲ ಕಿರಾಣಿ ಅಂಗಡಿಯ ಪಕ್ಕ ಸಿಗತೊಡಗಿದ ಮೇಲೆ ಥಾಪಿ ಹಿಡಿದವರೆಲ್ಲ ಗೌಂಡಿ, ಮೊಬೈಲು ಹಿಡಿದವರೆಲ್ಲ ಕಾಂಟ್ರ್ಯಾಕ್ಟರ್.

2019ರ ಆಗಸ್ಟಿನ ನೆರೆ ಇದಕ್ಕೆ ಇನ್ನಷ್ಟು ನೀರೆರೆಯಿತು. ಈಚೆ ಕೃಷ್ಣೆ, ಆಚೆ ಘಟಪ್ರಭೆ ಉಕ್ಕಿ ಜಮಖಂಡಿ, ಮುಧೋಳ ತಾಲೂಕಿನ ಹೊಳೆದಂಡೆಯ ಊರುಗಳಲ್ಲಿ ಮಣ್ಣಿನ ಗೋಡೆಗಳು ಬುಡ ನೆನೆದು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಸಾರಿತು. ಊರಿಗೆ ಊರೇ ಒಮ್ಮೆಲೇ ಮನೆ ಕಟ್ಟಲು ನಿಂತಾಗ ಗೌಂಡಿಗಳಿಗೆ ಬರ ಬಂತು. ನಿನ್ನೆ ಖಡಿ ಹೊತ್ತವ ಇಂದು ಗುತ್ತಿಗೆ ಹಿಡಿದ. ಅವರಲ್ಲಿ ಕೆಲವರು ಕೆಲಸ ಮಾಡುತ್ತ ಕಲಿತರು. ಕಲಿತದ್ದು ಯಾರ ಮನೆಯ ಖರ್ಚಿನಲ್ಲಿ ಎಂಬುದು ಆ ಮನೆಗಳ ಗೋಡೆಯ ಬಿರುಕು ನೋಡಿದರೆ ತಿಳಿಯುತ್ತದೆ.

ನಮ್ಮ ಮನೆಗೆ ಮೊದಲು ಬಂದವನು ಕಾರಿನಲ್ಲಿ ಬಂದ. ಟ್ಯಾಬ್ ತೆಗೆದು ಮನೆಯ ಬಣ್ಣದ ಚಿತ್ರ ತೋರಿಸಿದ. ಮುಂಭಾಗಕ್ಕೆ ನೆಲದಿಂದ ಮಾಳಿಗೆಯವರೆಗೆ ಗಾಜು. ನಮ್ಮ ಮನೆ ಪಶ್ಚಿಮಕ್ಕೆ ಮುಖ ಮಾಡಿದೆ ಎಂದೆ. "ಎಸಿ ಹಾಕಸ್ರಿ ಮೇಡಂ" ಎಂದ. ಎರಡನೆಯವನ ದರ ಎಲ್ಲರಿಗಿಂತ ಕಡಿಮೆ. ಮಾಲು ನಿಮ್ಮದು, ಮಜೂರಿ ನಮ್ಮದು, ಇಸಾರ ಇವತ್ತೇ ಕೊಟ್ಟರೆ ನಾಳೆಯೇ ಸುರು. ಪಾಯ ಎಷ್ಟು ಆಳ ಎಂದರೆ, ನೆಲ ನೋಡುವ ಮೊದಲೇ "ಮೂರು ಫೂಟು ಸಾಕ್ರಿ" ಎಂದ.

ಗೌಂಡಿಗೆ ಸರ್ಟಿಫಿಕೇಟು ಕೊಡುವ ಪದ್ಧತಿ ನಮ್ಮ ಬಾಗಲಕೋಟೆ ಜಿಲ್ಲೆಗೆ ಹೊಸದೇನಲ್ಲ. ಐಹೊಳೆಯಲ್ಲಿ ನರಸೊಬ್ಬ ಎಂಬ ಶಿಲ್ಪಿಯ ಬಗ್ಗೆ ಕಲ್ಲಿನಲ್ಲಿ ಕೊರೆದಿದ್ದಾರೆ: ಮನೆ ಕಟ್ಟುವುದರಲ್ಲಿ, ಗುಡಿ ಕಟ್ಟುವುದರಲ್ಲಿ ಇವನಿಗೆ ಸಮನಾದವನು ಜಂಬೂದ್ವೀಪದಲ್ಲಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ ಎಂದು. ಪಟ್ಟದಕಲ್ಲಿನಲ್ಲಿ ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ಈಗಿನ ವಿರೂಪಾಕ್ಷ ಗುಡಿಯ ಸೂತ್ರಧಾರಿ ಗುಂಡ ಅನಿವಾರಿತಾಚಾರಿ. ಅವನಿಗೆ ಪಟ್ಟ ಕಟ್ಟಿ, ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟರೆಂದು ಅಲ್ಲಿಯ ಶಾಸನ ಹೇಳುತ್ತದೆ. ಗುಡಿ ಕಟ್ಟಿದವನೆಂಬ ಕಾರಣಕ್ಕೆ ಸಂದ ಮರ್ಯಾದೆ ಅದು, ಕಟ್ಟುತ್ತೇನೆಂದ ಮಾತಿಗಲ್ಲ. ಇಸಾರ ಎಣಿಸುವ ಮೊದಲು ನೆನೆಯಬೇಕಾದ ಸಂಗತಿ.

ನಮ್ಮ ಕಾಲದ ಗೌಂಡಿಗಳಿಗೆ ಶಾಸನವಿಲ್ಲವಾದ್ದರಿಂದ ನಾನು ಅವರು ಕಟ್ಟಿದ ಮನೆಗಳಿಗೇ ಹೋದೆ. ಮನೆಯ ಯಜಮಾನರನ್ನು ಕೇಳಿ ಉಪಯೋಗವಿಲ್ಲ. ದುಡ್ಡು ಸುರಿದವರು ತಾವು ಮೋಸ ಹೋದೆವೆಂದು ಒಪ್ಪುವುದಿಲ್ಲ. "ಏ, ಭಾರೀ ಮಾಡ್ಯಾನ್ರಿ" ಎನ್ನುತ್ತಾರೆ. ನಾನು ಅಡಿಗೆ ಮನೆಗೆ ಹೋಗಿ ಹೆಂಗಸರನ್ನು ಕೇಳಿದೆ. ಮಳೆಗಾಲದಲ್ಲಿ ಪಾತ್ರೆ ಎಲ್ಲಿ ಇಡಬೇಕಾಗುತ್ತದೆ, ಬಚ್ಚಲ ನೀರು ಯಾವ ಮೂಲೆಯಲ್ಲಿ ನಿಲ್ಲುತ್ತದೆ, ಯಾವ ಬಾಗಿಲು ಶ್ರಾವಣದಲ್ಲಿ ಹಾಕಿಕೊಳ್ಳುವುದಿಲ್ಲ, ಮಧ್ಯಾಹ್ನ ಯಾವ ಖೋಲಿಯಲ್ಲಿ ಮಗು ಮಲಗುವುದಿಲ್ಲ, ಎಲ್ಲ ಅವರಿಗೆ ಬಾಯಿಪಾಠ. ರಬಕವಿಯ ಒಂದು ಮನೆಯಲ್ಲಿ ಮಾತ್ರ ಆ ಮನೆಯಾಕೆ ಬಹಳ ಹೊತ್ತು ಯೋಚಿಸಿ, "ಹೇಳೂವಂಥಾದ್ದು ಏನೂ ಇಲ್ರಿ ಅಕ್ಕಾರ" ಎಂದಳು. ಆ ಗೌಂಡಿಯನ್ನೇ ಕರೆಸಿದೆವು.

ಬಂದವನು ಸೈಕಲ್ ಮೋಟರಿನಿಂದ ಇಳಿದು ಮೊದಲು ಕೇಳಿದ್ದು ನೀರು. "ಬೋರು ಚೈತ್ರದಾಗ ನಿಂದರತೈತ್ರಿ?" ಎಂದು ನಳ ತಿರುಗಿಸಿ, ಅಂಗೈಯ ನೀರನ್ನು ನಾಲಿಗೆಗೆ ಹಚ್ಚಿ, ಥೂ ಎಂದು ಉಗುಳಿದ. "ಸವಳು ಐತ್ರಿ ಅಕ್ಕಾರ. ಕಬ್ಬಿಣ ತಿಂತೈತಿ. ಸ್ಲ್ಯಾಬಿಗೆ ಇದು ಬ್ಯಾಡ, ಕುಡಿಯೂ ನೀರು ತುಂಬಿ ಇಡ್ರಿ." ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಹೊಳೆಸಾಲಿನ ಹೊಲಗಳು ಸವಳು-ಜವಳಾದ ಕತೆ ನಮಗೆ ಗೊತ್ತು, ಅದೇ ಉಪ್ಪು ಗೋಡೆಯ ಬುಡದಲ್ಲಿ ಬೆಳ್ಳಗೆ ಎದ್ದು ಗಿಲಾವು ಉದುರಿಸುವುದನ್ನೂ ಕಂಡಿದ್ದೇವೆ. ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಮಿಗಿಂತ ಹೆಚ್ಚು ಕ್ಲೋರೈಡ್ ಇರಕೂಡದೆಂದು ಭಾರತೀಯ ಮಾನಕವೂ ಹೇಳುತ್ತದೆ. ಅವನ ನಾಲಿಗೆ ಮಾನಕ ಓದಿರಲಿಲ್ಲ, ಅಷ್ಟೇ.

ಎರಡನೆಯದು ನೆಲ. ಹಿರಿಯರು ಎರೆಯನ್ನು ಜೋಳಕ್ಕೆ ಬಿಟ್ಟು ಊರನ್ನು ಗರಸಿನ ಮೇಲೆ ಕಟ್ಟಿಕೊಂಡಿದ್ದರು. ನಾವು ಪ್ಲಾಟಿನ ಆಸೆಗೆ ಎರೆಗೇ ಇಳಿದಿದ್ದೇವೆ. ಬೇಸಿಗೆಯಲ್ಲಿ ಎರೆ ಕಾಲು ಹೋಗುವಷ್ಟು ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಮೇಲಿನ ಗೋಡೆಯೂ ಅದರೊಟ್ಟಿಗೆ ಏಳುತ್ತ ಇಳಿಯುತ್ತ ಬಿರಿಯುತ್ತದೆ. ಅವನು ಫೂಟಿನ ಲೆಕ್ಕ ಹೇಳಲಿಲ್ಲ. "ಒಂದು ಕುಣಿ ತಗದು ನೋಡೂಣ್ರಿ" ಎಂದ. ಗರಸು ಹತ್ತುವ ತನಕ ತೋಡಿಸಿದ. ತೆಗೆದ ಎರೆಮಣ್ಣನ್ನು ಮತ್ತೆ ತುಂಬಗೊಡದೆ ಹೊಲಕ್ಕೆ ಕಳಿಸಿ, ಗರಸು ತುಂಬಿ ಧಮ್ಮಸ್ಸು ಮಾಡಿಸಿ, ಮೇಲೆ ಸುತ್ತಲೂ ಕಾಂಕ್ರೀಟಿನ ಪಟ್ಟಿ ಹಾಕಿದ.

ಸ್ಲ್ಯಾಬಿನ ಹಿಂದಿನ ರಾತ್ರಿ ಖಡಿಯ ರಾಶಿಗೆ ನೀರು ಹೊಡೆದು ಗೋಣಿತಟ್ಟು ಹೊದಿಸಿದ. ನಸುಕಿನ ಮೂರಕ್ಕೆ ಮಿಕ್ಸರು ಸುರುವಾಗಿ ಬಿಸಿಲೇರುವ ಮೊದಲು ಕೆಲಸ ಮುಗಿಯಿತು. 50 ಕಿಲೋದ ಚೀಲಕ್ಕೆ 25 ಲೀಟರಿನ ಅಂದಾಜು ನೀರು ತಾನೇ ಅಳೆದು ಹಾಕಿದ. ಬುಟ್ಟಿ ಹೊರುವವರು ಇನ್ನಷ್ಟು ತೆಳುವಾಗಲಿ ಎಂದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನ ಸ್ಲ್ಯಾಬಿನ ಮೇಲೆ ಮಣ್ಣಿನ ಒಡ್ಡು ಹಾಕಿ, ಮಡಿ ಮಾಡಿ, ನೀರು ನಿಲ್ಲಿಸಿದ. ಒಣ ಬಿಸಿಲಿನಲ್ಲಿ ಕಾಂಕ್ರೀಟನ್ನು ಕನಿಷ್ಠ 10 ದಿನ ಒದ್ದೆ ಇಡಬೇಕು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಮಿಶ್ರ ಸಿಮೆಂಟಿಗೆ 14 ದಿನ ಇಟ್ಟರೆ ಒಳ್ಳೆಯದು. "ನೀರು ಆರಿಸಿದರ ನನಗ ಹೆಸರು ಇಡಬ್ಯಾಡ್ರಿ" ಎಂದು ಹೇಳಿ, ತಾನೇ ದಿನಾ ಸಂಜೆ ಬಂದು ಏಣಿ ಹತ್ತಿ ನೋಡಿ ಹೋಗುತ್ತಿದ್ದ. ಮಗ್ಗದ ಮನೆಯ ಪಶ್ಚಿಮಕ್ಕೆ ಕಿಟಕಿ ಬಿಡದೆ ಅಲ್ಲಿ ಪಾವಟಿಗೆ ಏರಿಸಿದ್ದೂ, ಮಾಳಿಗೆಗೆ ಬಿಳಿ ಸುಣ್ಣ ಹೊಡೆಸಿದ್ದೂ ಅವನದೇ ವಿಚಾರ.

ಲೆಕ್ಕ ಮುಗಿಸುವ ದಿನ ಮಾವನವರು ಕೊನೆಯ ಕಂತನ್ನು ಹಿಡಿದಿಟ್ಟರು. ದೀಪಾವಳಿಗೆ ಕೊಡುತ್ತೇನೆ, ಒಂದು ಮಳೆ ಹೋಗಲಿ ಎಂದರು. ಅವನು ಬೇಸರಪಡಲಿಲ್ಲ. ಇದೂ ಹೊಸ ರಿವಾಜಲ್ಲ. ಬಡಿಗ, ಕಂಬಾರರು ಆಯಗಾರರಾಗಿದ್ದ ಕಾಲದಲ್ಲಿ ಅವರ ಆಯ ಸಿಗುತ್ತಿದ್ದುದು ಸುಗ್ಗಿಯ ಕಣದಲ್ಲಿ. ಕೂರಿಗೆ ಮುರಿದಿದ್ದರೆ, ಬಾಗಿಲು ಹಾಕಿಕೊಳ್ಳದಿದ್ದರೆ, ಆ ಮಾತು ಜೋಳದ ರಾಶಿಯ ಮುಂದೆ ನಾಲ್ಕು ಮಂದಿಯ ಎದುರು ಬರುತ್ತಿತ್ತು. ಕೆಲಸಗಾರನೂ ರೈತನೂ ಮರುವರ್ಷ ಮತ್ತೆ ಮುಖ ನೋಡಬೇಕಿತ್ತು. ಸರ್ಕಾರಿ ಕಾಮಗಾರಿಯಲ್ಲಿ ಠೇವಣಿ ಹಿಡಿದಿಡುವುದೂ ಇದಕ್ಕೇ.

ಆದ್ದರಿಂದ ಕಬ್ಬಿನ ಬಿಲ್ಲು ಬಂದ ಬಂಧುಗಳಲ್ಲಿ ಅರಿಕೆ: ದರ ಕೇಳುವುದನ್ನು ಕೊನೆಗಿಡಿ. ಗೌಂಡಿ ಕಟ್ಟಿದ ಮನೆಗೆ ಮೇ ತಿಂಗಳಲ್ಲಿ, ಮಧ್ಯಾಹ್ನ 2 ಗಂಟೆಗೆ ಹೋಗಿ, ಆ ಮನೆಯ ಹೆಂಗಸರನ್ನು ಮಾತಾಡಿಸಿ. ಅವನು ನಿಮ್ಮ ಹಿತ್ತಿಲಿಗೆ ಬಂದಾಗ ನೀವು ಕಡಿಮೆ ಮಾತಾಡಿ, ಅವನೇನು ಕೇಳುತ್ತಾನೆ ಎಂದು ಕೇಳಿಸಿಕೊಳ್ಳಿ. ನೀರು, ನೆಲ, ಬಿಸಿಲಿನ ದಿಕ್ಕು ವಿಚಾರಿಸಿದವನಿಗೆ ಚದರ ಅಡಿಗೆ ನಾಲ್ಕು ಕಾಸು ಹೆಚ್ಚಾದರೂ ಕೊಡಿ. ಕರಾರನ್ನು ಕಾಗದದ ಮೇಲೆ ಬರೆಯಿರಿ. ಕೊನೆಯ ಕಂತು ಮಾತ್ರ ಒಂದು ಮಳೆಗಾಲ ನಿಮ್ಮ ಹತ್ತಿರವೇ ಇರಲಿ. ಮಳೆ ಮುಗಿದ ಮೇಲೆ ಒಂದು ದಿನವೂ ತಡಮಾಡದೆ ಕರೆದು ಕೊಟ್ಟುಬಿಡಿ.