ಮುಚ್ಚಿರಬೇಕಾದ ಬಾಗಿಲು

ತೆರೆದ ಬಾಗಿಲು ಔದಾರ್ಯದ ಗುರುತು, ಮುಚ್ಚಿದ್ದು ಲೋಭದ ಗುರುತು ಎಂದು ನಮ್ಮ ಹಿರಿಯರ ಭಾವನೆ. ಆದರೂ ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲನ್ನು ತೆರೆದು ಹಿತ್ತಿಲ ಬಾಗಿಲನ್ನು ಮುಚ್ಚುವ ವಾಡಿಕೆ ಉಂಟಷ್ಟೆ. ಮುಚ್ಚಿರುವುದರಿಂದಲೇ ಮನೆಯನ್ನು ಕಾಯುವ ಬಾಗಿಲೂ ಇದೆಯೆಂಬುದನ್ನು ಅವರು ಅರಿಯದವರಲ್ಲ.

ಬಹುಮಹಡಿಯ ಕಟ್ಟಡಗಳಲ್ಲಿ ಮೆಟ್ಟಿಲ ಬಳಿಯಿರುವ ಫೈರ್ ಡೋರ್ ಆ ಜಾತಿಯದು. ಅದು ಬೆಂಕಿಯನ್ನು ಆರಿಸುವುದಿಲ್ಲ. ಕೆಲವು ಹೊತ್ತು ತಡೆಯುತ್ತದೆ. ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ ಎಂದು ಅದರ ತಾಳಿಕೆಯನ್ನು ಕುಲುಮೆಯ ಉರಿಗೆ ಒಡ್ಡಿ ನಿರ್ಣಯಿಸುತ್ತಾರೆ. ಅನೇಕ ಬಾಗಿಲುಗಳ ಅಂಚಿನಲ್ಲಿ, ಕಾವು ಏರಿದಾಗ ಉಬ್ಬಿ ಸಂದುಗಳನ್ನು ಮುಚ್ಚುವ ಪಟ್ಟಿಯೊಂದಿರುತ್ತದೆ. ತೆರೆದು ಹೋದವರ ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂತೆ ಮಾಡುವ ಸಾಧನವೂ ಉಂಟು.

ನನ್ನ ಸೋದರಮಾವನವರು ಬೆಂಗಳೂರಿನಲ್ಲಿ ಒಂಬತ್ತನೆಯ ಅಂತಸ್ತಿನಲ್ಲಿ ವಾಸವಾಗಿದ್ದಾರೆ. ಮೊಳಕಾಲಿನ ನೋವಿನಿಂದ ನಾಲ್ಕು ಮೆಟ್ಟಿಲಿಳಿದರೆ ಕಂಬಿ ಹಿಡಿದು ನಿಲ್ಲುವವರು. ಒಮ್ಮೆ ಹೋದಾಗ ಅಲ್ಲಿಯ ಮೆಟ್ಟಿಲ ಬಾಗಿಲಿಗೆ ಹೂವಿನ ಕುಂಡವೊಂದನ್ನು ಅಡ್ಡವಿಟ್ಟಿದ್ದರು.

"ಗಾಳಿಯಾಡಲಿ ಎಂದು ಇಟ್ಟದ್ದು ಕಣಪ್ಪ. ತೆಗೆದರೆ ಹಾಳಾದ್ದು ತಾನೇ ಮುಚ್ಚಿಕೊಳ್ಳುತ್ತದೆ" ಎಂದರು ಅತ್ತೆ.

"ಅದನ್ನು ಮಾಡಿರುವುದೇ ಅದಕ್ಕಾಗಿ, ಅತ್ತೆ. ಕೆಳಗೆ ಹೊಗೆಯೆದ್ದರೆ ಈ ಮೆಟ್ಟಿಲ ದಾರಿಯೇ ಹೊಗೆಗೂಡಾಗುತ್ತದೆ. ಮಾವ ಇಳಿಯಬೇಕಾದ ದಾರಿಯೂ ಅದೇ."

ಅತ್ತೆ ಮಾತಾಡಲಿಲ್ಲ. ಮಾವನ ಕಾಲಿನ ಕಡೆ ಒಮ್ಮೆ ನೋಡಿ ಕುಂಡವನ್ನು ಜರುಗಿಸಿದರು.

ಬೆಂಕಿಗಿಂತ ಮೊದಲು ಕೊಲ್ಲುವುದು ಹೊಗೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ ಹೊಗೆ ತಾಳಲಾರದೆ ಕೆಲವರು ಕಿಟಕಿಗಳಿಂದ ಧುಮುಕಿದರು. ಒಟ್ಟು 9 ಮಂದಿ ತೀರಿಕೊಂಡರು. ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 2017ರ ಜೂನ್ 14ರಂದು ಎದ್ದ ಬೆಂಕಿಗೆ 72 ಮಂದಿ ಬಲಿಯಾದರು. ಅಲ್ಲಿ ಉರಿ ಹಬ್ಬಿದ್ದು ಮುಖ್ಯವಾಗಿ ಹೊರಗೋಡೆಯ ಹೊದಿಕೆಯಿಂದ. ಆದರೆ ಅನೇಕ ಮನೆಗಳ ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳದೆ ಹೊಗೆಗೆ ದಾರಿ ಕೊಟ್ಟವೆಂದು ವಿಚಾರಣೆಯಲ್ಲಿ ಕಂಡುಬಂದಿತು.

ಮುಚ್ಚುವುದು ಬೇರೆ, ಬೀಗ ಹಾಕುವುದು ಬೇರೆ. ನ್ಯೂಯಾರ್ಕಿನ ಟ್ರಯಾಂಗಲ್ ಉಡುಪಿನ ಕಾರ್ಖಾನೆಯಲ್ಲಿ 1911ರ ಮಾರ್ಚ್ 25ರಂದು ಬೆಂಕಿ ಬಿದ್ದಾಗ ಒಂಬತ್ತನೆಯ ಅಂತಸ್ತಿನ ಮೆಟ್ಟಿಲ ಬಾಗಿಲಿಗೆ ಬೀಗವಿತ್ತು. ಆ ದಿನ ಸತ್ತವರು 146 ಮಂದಿ, ಹೆಚ್ಚಿನವರು ಹರೆಯದ ಹೆಣ್ಣುಮಕ್ಕಳು. ಕಳ್ಳರ ಭಯದಿಂದ ಮೆಟ್ಟಿಲ ಬಾಗಿಲಿಗೆ ಬೀಗ ಜಡಿಯುವವರು ನಮ್ಮ ಊರುಗಳಲ್ಲಿಯೂ ಉಂಟು. ಬೆಂಕಿಗೆ ಎಡೆಗೊಡದ ಬಾಗಿಲು ಮನುಷ್ಯನು ತಳ್ಳಿದ ಮಾತ್ರಕ್ಕೆ ತೆರೆದುಕೊಳ್ಳಬೇಕು. ಎರಡರಲ್ಲಿ ಒಂದು ತಪ್ಪಿದರೂ ಅದು ಬರಿಯ ಹಲಗೆ.

ನಮ್ಮಲ್ಲಿ ಹೆಚ್ಚಿನವರಿಗೆ ಅದರ ಉಪಕಾರ ಬಾಳಿನಲ್ಲಿ ಒಂದು ದಿನವೂ ಬೇಕಾಗದೆ ಹೋಗಬಹುದು, ಹಾಗೆಯೇ ಆಗಲಿ. ಆದರೂ ಅದು ತನ್ನ ಪಾಡಿಗೆ ಮುಚ್ಚಿಕೊಳ್ಳುವಂತೆ ಬಿಡುವುದು, ಬೇಗನೆ ಇಳಿಯಲಾರದ ಮುದುಕರಿಗೂ ಮಕ್ಕಳಿಗೂ ನಾವು ದಿನವೂ ಸಲ್ಲಿಸಬೇಕಾದ ನೆರೆಹೊರೆಯ ಧರ್ಮ.