ಕ್ಯಾಲೆಂಡರ್ ಹಾಳೆಯ ಐದು ಚುಕ್ಕಿ

ಹೋದ ತಿಂಗಳು ಅಕ್ಕನ ಮಗ ಬೊಲೆರೊ ಪಿಕಪ್ಪಿನ ಎರಡು ಹಳೇ ಚಕ್ರ ತಂದು ನಮ್ಮ ಅಂಗಳಕ್ಕೆ ಉರುಳಿಸಿದ. ಪವರ್ ಟಿಲ್ಲರಿನ ಟ್ರೈಲರಿಗೆ ಹಾಕಬೇಕಂತೆ. "ಇದ್ಕೂ ಐದು ತೂತು, ಅದ್ಕೂ ಐದು ಬೋಲ್ಟು. ಕೂತ್ಕೊಳಲ್ವಾ ಮಾವ?" ಅಂದ.

"ಹಳೇ ಕ್ಯಾಲೆಂಡರ್ ಇದ್ರೆ ತಗೊಂಡ್ ಬಾ" ಅಂದೆ. ಮುದುಕನಿಗೆ ಅರಳುಮರಳು ಶುರುವಾಯಿತು ಎಂಬಂತೆ ನೋಡಿದ.

ಕ್ಯಾಲೆಂಡರಿನ ಪಾಠ ನನಗೆ ಕಲಿಸಿದ್ದು ಉಸ್ತಾದರು. ಮಂಡ್ಯದ ಹೆದ್ದಾರಿ ಪಕ್ಕ, ಹುಣಿಸೆ ಮರದ ಕೆಳಗೆ, ಅವರ ತಗಡಿನ ವೆಲ್ಡಿಂಗ್ ಶೆಡ್ಡಿತ್ತು. ರಸ್ತೆ ಅಗಲವಾದಾಗ ಮೊದಲು ಮರ ಹೋಯಿತು, ಆಮೇಲೆ ಶೆಡ್ಡು. ಈಗ ಆ ಜಾಗ ಸರ್ವಿಸ್ ರಸ್ತೆಯ ಅಡಿಗಿದೆ. ಅಲ್ಲಿ ಹಾದುಹೋದಾಗ ನನಗೆ ಇವತ್ತಿಗೂ ಮೂಗಿಗೆ ಬಡಿಯುವುದು ಕಾರ್ಬೈಡಿನ ವಾಸನೆ, ಬೆಳ್ಳುಳ್ಳಿ ಕೊಳೆತಂಥದ್ದು. ಡ್ರಮ್ಮಿನ ನೀರಿಗೆ ಕಾರ್ಬೈಡ್ ಕಲ್ಲು ಬಿದ್ದರೆ ಬುಸುಗುಟ್ಟಿ ಗ್ಯಾಸು ಏಳುತ್ತಿತ್ತು, ಅದೇ ವೆಲ್ಡಿಂಗಿಗೆ. ತಳದಲ್ಲಿ ಉಳಿದ ಬಿಳೀ ಕೆಸರು ಸುಣ್ಣವೇ. ಗೌರಿ ಹಬ್ಬದ ಮುಂಚೆ ಹೆಂಗಸರು ಬಕೆಟ್ ಹಿಡಿದು ಬಂದು, ಗೋಡೆಗೆ ಬಳಿಯಲು ಒಯ್ಯುತ್ತಿದ್ದರು. ಉಸ್ತಾದರು ಅದಕ್ಕೆ ಕಾಸು ಕೇಳಿದ್ದನ್ನು ನಾನು ನೋಡಿಲ್ಲ.

1978ರ ಸುಮಾರು. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವವರೆಲ್ಲ ಮರದ ಚಕ್ರ ಬಿಚ್ಚಿ ರಬ್ಬರ್ ಟೈರಿಗೆ ಬದಲಾಗುತ್ತಿದ್ದ ಕಾಲ. ಟೈರು ಯಾವ ಕಂಪನಿಯದಾದರೂ ಬಾಯಲ್ಲಿ ಅದು ಡನ್ಲಪ್ ಗಾಡಿಯೇ. ಹೊಸಾ ಸೆಟ್ಟು ಕೊಳ್ಳುವ ಶಕ್ತಿಯಿಲ್ಲದ ನಮ್ಮಂಥವರಿಗೆ ಉಸ್ತಾದರು ಹಳೇ ಜೀಪಿನ ಚಕ್ರ ಕೂರಿಸಿಕೊಡುತ್ತಿದ್ದರು. ಚೌಕದ ಕಬ್ಬಿಣದ ಅಚ್ಚಿನ ಎರಡು ತುದಿಗೂ ಜೀಪಿನ ಸ್ಟಬ್ಬು ಬೆಸೆದು, ಹಬ್ಬಿನೊಳಗೆ ಎರಡೆರಡು ಬೇರಿಂಗು, ಹಿಡಿಯಷ್ಟು ಗ್ರೀಸು. ಕೀಲೆಣ್ಣೆಯ ಬುಡ್ಡಿ ಗಾಡಿ ಕೆಳಗಿಂದ ಮಾಯವಾದದ್ದು ಹಾಗೆ.

ಚಕ್ರ ಕೂರಿಸುವ ಮುಂಚೆ ಅವರು ಬೋಲ್ಟುಗಳ ತುದಿಗೆ ಗ್ರೀಸು ಸವರಿ, ಹಳೇ ಕ್ಯಾಲೆಂಡರ್ ಹಾಳೆ ಒತ್ತುತ್ತಿದ್ದರು. ಐದು ಕಪ್ಪು ಚುಕ್ಕಿ. ಅದನ್ನು ಡಿಸ್ಕಿನ ಮೇಲಿಟ್ಟು ಬಿಸಿಲಿಗೆ ಹಿಡಿದರೆ ಸುಳ್ಳು ಹೇಳಲು ಜಾಗವಿಲ್ಲ. ಜೀಪಿಗೆ ಐದು ಬೋಲ್ಟಿನ ಸುತ್ತಿನ ಅಡ್ಡಳತೆ ಐದೂವರೆ ಇಂಚು. ಐದೇ ಬೋಲ್ಟಿದ್ದರೂ ಸುತ್ತು ಐದಿಂಚಿನದಾದರೆ ಆ ಡಿಸ್ಕು ಬೇರೆ ಜಾತಿ. ಇನ್ನೊಂದು ಪಾಠ ನಾನು ಕೈಯಾರೆ ಕಲಿತೆ. ಜೀಪಿನ ಎಡಗಡೆ ಚಕ್ರದ ನಟ್ಟು ಬಿಚ್ಚಲು ಹೋಗಿ, ಮೈಭಾರವೆಲ್ಲ ಪಾನಾದ ಮೇಲೆ ಹಾಕಿ ಬೋಲ್ಟೇ ಮುರಿದೆ. ಉಸ್ತಾದರು ಬೈಯಲಿಲ್ಲ. ಬೋಲ್ಟಿನ ತಲೆಯ ಮೇಲಿನ 'ಎಲ್' ಅಕ್ಷರ ತೋರಿಸಿ, "ಎಡಗಾಲಿ ಉಲ್ಟಾ ತಿರುಪು ಮಗಾ. ಗಾಡಿ ಮುಂದಕ್ಕೆ ಹೋದಂಗೆ ಬಿಗಿಯಾಗ್ಲಿ ಅಂತ" ಅಂದರು.

ನಮ್ಮ ಗಾಡಿಯ ವ್ಯಾಪಾರ ಕುದುರಿದ್ದು ಟವಲ್ಲಿನಡಿ. ಹೇಮಗಿರಿ ದನದ ಜಾತ್ರೆಯಲ್ಲಿ ಹಾಗೆಯೇ ಎತ್ತು ಕೊಂಡವನಿಗೆ ಬಾಯಲ್ಲಿ ರೇಟು ಹೇಳಿದರೆ ಒಪ್ಪಿಗೆಯಾಗದು ಎಂದು ಉಸ್ತಾದರಿಗೆ ಗೊತ್ತಿತ್ತು. ಅಪ್ಪನ ಹೆಗಲಿಂದ ಟವಲ್ ಎಳೆದು ಕೈಮೇಲೆ ಹೊದಿಸಿ, ಬೆರಳು ಹಿಡಿದರು. ಅಪ್ಪ ತಲೆಯಾಡಿಸಿದ. ಮತ್ತೆ ಬೆರಳು. ಕಾಲು ಗಂಟೆ ಇಬ್ಬರೂ ಮಾತಿಲ್ಲದೆ ಹುಣಿಸೆ ಮರ ನೋಡುತ್ತ ಕೂತಿದ್ದರು. ಕೊನೆಗೆ ಅಪ್ಪ ನಕ್ಕ. ಎಷ್ಟಕ್ಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಹಬ್ಬು, ಸ್ಟಬ್ಬು, ಚಕ್ರ ಎಲ್ಲ ಅಪ್ಪನೇ ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ತಂದದ್ದು. ಹಾಳೆ ಇಟ್ಟಾಗ ಬಲದ್ದು ಸರಿಹೋಯಿತು. ಎಡದ್ದು ಹೋಗಲಿಲ್ಲ. ಅರ್ಧ ಇಂಚು ಕಮ್ಮಿ.

"ಇದು ಜೀಪಿಂದಲ್ಲ ಗೌಡ್ರೇ, ವಾಪಸ್ ಕೊಟ್ಟು ಬನ್ನಿ."

"ಕಟಾವಿಗೆ ಆಳು ಬಂದವ್ರೆ ಸಾಬ್ರೇ. ತೂತು ಅಗಲ ಮಾಡಿ."

ಉಸ್ತಾದರು ಸ್ವಲ್ಪ ಹೊತ್ತು ಬೀಡಿ ಸೇದಿದರು. ಆಮೇಲೆ ಗ್ಯಾಸ್ ಕಟರ್ ಹೊತ್ತಿಸಿದರು. ಅವರ ಬಗ್ಗೆ ಬರೆಯುವಾಗ ಈ ಸಾಲು ಬಿಟ್ಟುಬಿಡಲು ಆಸೆಯಾಗುತ್ತದೆ. ಆದರೆ ಹೊತ್ತಿಸಿದ್ದು ಅವರೇ.

ಮರದ ಚಕ್ರದಲ್ಲಿ ಒಂದು ಟನ್ ಎಳೆಯಲು ಏದುಸಿರು ಬಿಡುತ್ತಿದ್ದ ಹಳ್ಳಿಕಾರ್ ಜೋಡಿ, ಟೈರಿನಲ್ಲಿ ಅದನ್ನೇ ಹಗುರವಾಗಿ ಎಳೆಯಿತು. ಎತ್ತಿಗೆ ಸುಖವಾಯಿತೇ? ಒಂದು ವಾರ ಆಯಿತು. ಎರಡನೇ ವಾರದಿಂದ ಊರಿನವರೆಲ್ಲ ಇಮ್ಮಡಿ ಹೇರತೊಡಗಿದರು. ಇಳಿಜಾರಿನಲ್ಲಿ ಟೈರು ತಾನಾಗಿ ಉರುಳುತ್ತದೆ. ಬ್ರೇಕಿಲ್ಲ. ತಡೆಯಬೇಕಾದ್ದು ಎತ್ತಿನ ಕತ್ತು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿ ಸುಧಾರಿಸಬೇಕು, ನೊಗ ಸುಧಾರಿಸಬೇಕು ಎಂದು ಪಟ್ಟು ಹಿಡಿದಿದ್ದರು. ಮ್ಯಾನೇಜ್‌ಮೆಂಟ್ ಮೇಷ್ಟರಿಗೆ ಗಾಡಿಯ ಉಸಾಬರಿ ಯಾಕೆ ಎಂದು ನಕ್ಕವರುಂಟು. ನಾವು ಟೈರನ್ನಷ್ಟೇ ತಗೊಂಡೆವು. ನೊಗ ಹಳೇದೇ ಉಳಿಯಿತು.

ನಾಲೆ ಏರಿಯಿಂದ ಇಳಿಯುವಾಗ ನಮ್ಮ ಎಡಗಾಲಿ ಕಳಚಿಕೊಂಡಿತು. ನಟ್ಟು ಉಲ್ಟಾ ತಿರುಪಿನದೇ, ಬಿಗಿಯಾಗೇ ಇತ್ತು. ಅಗಲ ಮಾಡಿದ್ದ ತೂತುಗಳೇ ಹರಿದುಹೋಗಿದ್ದವು. ಕಬ್ಬಿನ ಹೊರೆ ಎಡಕ್ಕೆ ಮಗುಚಿತು, ಎಡದೆತ್ತಿನ ಮುಂಗಾಲು ಮುರಿಯಿತು. ಮೂರನೇ ದಿನ ಕೊಟ್ಟಿಗೆಯಲ್ಲಿ ಒಂದೇ ಎತ್ತಿತ್ತು. ಇನ್ನೊಂದನ್ನು ಯಾರಿಗೆ ಕೊಟ್ಟೆ ಎಂದು ಅಪ್ಪನನ್ನು ಮನೆಯಲ್ಲಿ ಯಾರೂ ಕೇಳಲಿಲ್ಲ. ಉಸ್ತಾದರು ಟವಲ್ಲಿನಡಿಯ ದುಡ್ಡು ಪೂರ್ತಿ ವಾಪಸ್ ತಂದರು. ಅಪ್ಪ ಮುಟ್ಟಲಿಲ್ಲ.

ಈಗ ಸುತ್ತು ಹೊಂದದ ಚಕ್ರ ಕೂರಿಸಲೂ ರೆಡಿಮೇಡ್ ಪ್ಲೇಟು ಸಿಗುತ್ತದೆ, ಅಳತೆ ಹೇಳಿದರೆ ಮನೆಗೇ ತಂದುಕೊಡುತ್ತಾರೆ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೈಲರ್ ಕಟ್ಟಿ, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ, ರಾತ್ರಿ ಹೆದ್ದಾರಿಯಲ್ಲಿ ಕಬ್ಬು ಹೋಗುತ್ತದೆ. ಹಾಡು ಮಾತ್ರ ಊರಿಗೆಲ್ಲ ಕೇಳುವಂತೆ ಹಾಕಿರುತ್ತಾರೆ.

ಹುಡುಗ ಕ್ಯಾಲೆಂಡರ್ ತಂದ. ಗ್ರೀಸು ಸವರಿ ಒತ್ತಿದೆ. ಚುಕ್ಕಿ ಡಿಸ್ಕಿನ ತೂತಿನ ಮೇಲೆ ಬೀಳಲಿಲ್ಲ.

"ಕಟರ್ ಹಿಡಿಸಿದ್ರೆ ಆಯ್ತು ಬಿಡಿ ಮಾವ."

ಎತ್ತಿನ ಕತೆ ಹೇಳಿದೆ. ಕೇಳಿಸಿಕೊಂಡ. ಚಕ್ರವನ್ನು ಕಾಲಲ್ಲಿ ಒದ್ದು ನೋಡುತ್ತ, "ಅವತ್ತು ಎಷ್ಟು ಹೇರಿದ್ರಿ?" ಅಂದ.

ಹೇರುವಾಗ ಮೇಲೆ ನಿಂತು ತುಳಿದು, ಇನ್ನೂ ಹಿಡಿಯುತ್ತದೆ ಎಂದವನು ನಾನೇ.

"ಎರಡೂವರೆ ಟನ್" ಅಂದೆ.