ಇದು ಕಾರಲ್ಲ

ಹರಿಹರದಲ್ಲಿ ನಮ್ಮ ಮನೆ ಇದ್ದದ್ದು ಪುಣೆ-ಬೆಂಗಳೂರು ರಸ್ತೆಯಿಂದ ಕೂಗಳತೆ ದೂರದಲ್ಲಿ. ಬೇಸಿಗೆ ರಜೆಯಲ್ಲಿ ನಮ್ಮ ಪುಕ್ಕಟೆ ಸಿನಿಮಾ ಎಂದರೆ ಚಾಸಿ ಗಾಡಿಗಳು. ಮೈಯೇ ಇಲ್ಲದ ಲಾರಿ. ಮುಂದೆ ಎಂಜಿನ್ನು, ಹಿಂದೆ ಎರಡು ಉದ್ದನೆಯ ಕಬ್ಬಿಣದ ತೊಲೆ, ನಡುವೆ ಹಲಗೆಯ ಮೇಲೆ ಕೂತ ಡ್ರೈವರು. ತಲೆಗೆ ಟವೆಲ್ಲು, ಕಣ್ಣಿಗೆ ಕಪ್ಪು ಕನ್ನಡಕ. ಬಾಡಿ ಕಟ್ಟುವವರ ಊರು ಮುಟ್ಟುವ ತನಕ ಬಿಸಿಲು, ಧೂಳು, ಗಾಳಿ ಎಲ್ಲಾ ಅವನ ಮುಖಕ್ಕೇ.

“ಅಪ್ಪಾಜಿ, ಅದು ಲಾರೀನಾ?”

“ಇನ್ನೂ ಅಲ್ಲ ಕಣೋ.”

ಮೂವತ್ತು ವರ್ಷದ ಮೇಲೆ ಆ ‘ಇನ್ನೂ ಅಲ್ಲ’ವೇ ನನಗೆ ಅನ್ನ ಹಾಕಿತು. ಹೆಂಡತಿಗೆ ಇಂಗ್ಲೆಂಡಿನಲ್ಲಿ ಡಾಕ್ಟರ್ ಕೆಲಸ ಸಿಕ್ಕಿ, ನಾನು ಅವಳ ವೀಸಾದ ಬಾಲ ಹಿಡಿದು ಬರ್ಮಿಂಗ್‌ಹ್ಯಾಮಿನ ಹತ್ತಿರದ ಒಂದು ಊರು ಸೇರಿದೆ. ನನ್ನ ಬಿ.ಕಾಂ. ಪದವಿಗೆ ಅಲ್ಲಿ ದಕ್ಕಿದ್ದು ತಗಡಿನ ಶೆಡ್ಡೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಏಳು ಜನ, ಒಂದು ನಾಯಿ. ತಯಾರಾಗುತ್ತಿದ್ದದ್ದು ಕಿಟ್ ಕಾರು. ಚಾಸಿ, ಬಾಡಿ, ಸೀಟು, ನಟ್ಟು, ಬೋಲ್ಟು ಎಲ್ಲವನ್ನೂ ನಾವು ಪೆಟ್ಟಿಗೆಗೆ ತುಂಬಿ ಕೊಡುತ್ತಿದ್ದೆವು. ಎಂಜಿನ್ನು, ಗೇರ್‌ಬಾಕ್ಸನ್ನು ಯಾವುದಾದರೂ ಹಳೇ ಫೋರ್ಡ್ ಸಿಯೆರಾದಿಂದ ಬಿಚ್ಚಿ ತಂದು ಗಿರಾಕಿಯೇ ಜೋಡಿಸಿಕೊಳ್ಳಬೇಕು. ಊಟಕ್ಕೆ ಕೂತವನ ಮುಂದೆ ಅಕ್ಕಿ ಬೇಳೆ ಸುರಿದು ‘ಒಲೆ ನಿಮ್ಮದೇ’ ಅಂದ ಹಾಗೆ. ಅದಕ್ಕೂ ಜನ ಸಂತೋಷವಾಗಿ ದುಡ್ಡು ಕೊಡುತ್ತಿದ್ದರು.

ಈ ವಿದ್ಯೆ ಹುಟ್ಟಿದ್ದು ತೆರಿಗೆಯ ಹೊಟ್ಟೆಯಲ್ಲಿ. ಇಂಗ್ಲೆಂಡಿನಲ್ಲಿ ಆಗೆಲ್ಲ ಪೂರ್ತಿ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಕಿಟ್ಟಿಗೆ ಇರಲಿಲ್ಲ. ಲೋಟಸ್ ಕಂಪನಿಯ ಕಾಲಿನ್ ಚಾಪ್ಮನ್ 1957ರಲ್ಲಿ ‘ಸೆವೆನ್’ ಎಂಬ ಬೋಳು ಬೋಳಾದ ಎರಡು ಸೀಟಿನ ಗಾಡಿ ತಂದು, ಅದನ್ನು ಕಿಟ್ಟಾಗಿಯೂ ಮಾರಿದ. ಜೋಡಿಸುವ ಕ್ರಮ ಬರೆದುಕೊಟ್ಟರೆ ತೆರಿಗೆ ಬೀಳುತ್ತದೆಂದು ಬಿಚ್ಚುವ ಕ್ರಮ ಬರೆದುಕೊಟ್ಟನಂತೆ. ಗಿರಾಕಿ ಅದನ್ನು ಹಿಂದಿನಿಂದ ಮುಂದಕ್ಕೆ ಓದಿಕೊಳ್ಳಬೇಕು. ಇದನ್ನು ಹೇಳುವಾಗ ನಮ್ಮ ಯಜಮಾನನ ಮುಖದಲ್ಲಿ, ತೆನಾಲಿ ರಾಮನ ಕತೆ ಹೇಳುವಾಗ ನಮ್ಮಜ್ಜಿಯ ಮುಖದಲ್ಲಿರುತ್ತಿದ್ದ ಅದೇ ಕಳೆ. 1973ರಲ್ಲಿ ವ್ಯಾಟ್ ಬಂದು ತೆರಿಗೆಯ ಲಾಭ ಹೋಯಿತು. ಅದೇ ವರ್ಷ ಸೆವೆನ್‌ನ ಹಕ್ಕು ಕೇಟರ್‌ಹ್ಯಾಮ್ ಎಂಬ ಕಂಪನಿಯ ಪಾಲಾಯಿತು. ಲಾಭ ಹೋದರೂ ಚಟ ಹೋಗಲಿಲ್ಲ.

ನಮ್ಮ ಶೆಡ್ಡಿನ ನಿಜವಾದ ಸಂಪಾದನೆ ಇದ್ದದ್ದು ಹೊರದೇಶದ ಗಿರಾಕಿಗಳಲ್ಲಿ. ಜಪಾನಿನವರು ಬಲು ಸುಲಭ, ಅವರೂ ನಮ್ಮ ಹಾಗೆ ರಸ್ತೆಯ ಎಡಕ್ಕೆ ಹೋಗುವವರು. ಹಾಲೆಂಡು, ಜರ್ಮನಿಯವರು ಬಂದರೆ ಗಾಡಿಯನ್ನು ಮಗ್ಗುಲು ಬದಲಿಸಿ ಮಲಗಿಸಬೇಕು. ಸ್ಟಿಯರಿಂಗು, ಪೆಡಲ್ಲು ಎಡಕ್ಕೆ. ಹೆಡ್‌ಲೈಟನ್ನೇ ಬದಲಾಯಿಸಬೇಕು, ಇಲ್ಲದಿದ್ದರೆ ಡಿಮ್ ಮಾಡಿದಾಗಲೂ ಬೆಳಕು ಹೋಗಿ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಹಿಂದೆ ಬಲಗಡೆ ಇರುವ ಮಂಜಿನ ದೀಪ ಎಡಗಡೆಗೆ. ಮೈಲಿಯ ಮೀಟರು ಹೋಗಿ ಕಿಲೋಮೀಟರಿನದು. ಹೀಗೆ ಬಿಚ್ಚಿದ ಬಲಗಡೆಯ ಸಾಮಾನೆಲ್ಲ ಶೆಡ್ಡಿನ ಮೂಲೆಯಲ್ಲಿ, ಮದುವೆ ಮುಗಿದ ಮನೆಯ ಪಾತ್ರೆಗಳ ಹಾಗೆ ಬಿದ್ದಿರುತ್ತಿತ್ತು.

ನನ್ನ ಕೆಲಸ ಕಾಗದದ ಮೇಲಿನದು. ಪೆಟ್ಟಿಗೆಯೊಳಗೆ ಇರುವುದು ಕಾರೋ ಅಲ್ಲವೋ ಎಂದು ಬರೆಯುವುದು. ನಾನು ಮೊದಲ ದಿನ ಜಾಣತನದಿಂದ ‘ಬಿಡಿಭಾಗ’ ಎಂದು ಬರೆದೆ. ಸುಂಕದ ಪುಸ್ತಕದಲ್ಲಿ ಕಾರಿಗೆ 8703, ಬಿಡಿಭಾಗಕ್ಕೆ 8708. ಆದರೆ ಆ ಪುಸ್ತಕ ಬರೆದವರು ಚಾಪ್ಮನ್ನನ ಅಪ್ಪಂದಿರು. ಬಿಚ್ಚಿಟ್ಟಿದ್ದರೂ, ಅರೆಬರೆಯಾಗಿದ್ದರೂ ಮುಖ್ಯ ಲಕ್ಷಣ ಕಾರಿನದಾದರೆ ಅದು ಕಾರೇ ಎಂದು ನಿಯಮ; ಎಂಜಿನ್ ಇಲ್ಲದಿದ್ದರೂ ಕಾರೇ ಎಂದು ಅದಕ್ಕೊಂದು ಟಿಪ್ಪಣಿ. ಇತ್ತ ಅಮೆರಿಕದ ರಸ್ತೆ ಸುರಕ್ಷತೆಯವರ ಕಣ್ಣಿಗೆ ಎಂಜಿನ್ನು, ಗೇರ್‌ಬಾಕ್ಸು ಇಲ್ಲದೆ ಬಂದದ್ದು ವಾಹನವೇ ಅಲ್ಲ, ಬರೀ ಸಾಮಾನು. ಒಂದೇ ಪೆಟ್ಟಿಗೆ ಒಂದು ಕಚೇರಿಯಲ್ಲಿ ಕಾರು, ಪಕ್ಕದ ಕಚೇರಿಯಲ್ಲಿ ಕಾರಲ್ಲ. ಇದೆ, ಇಲ್ಲ, ಇದೆ ಮತ್ತು ಇಲ್ಲ ಎನ್ನುವ ಜೈನರ ಸ್ಯಾದ್ವಾದ ಕಾಲೇಜಿನಲ್ಲಿ ತಲೆಗೆ ಹತ್ತಿರಲಿಲ್ಲ, ಹಡಗಿನ ರಸೀದಿ ಬರೆಯುವಾಗ ಹತ್ತಿತು. ಎಂಜಿನ್ ಇಲ್ಲದೆ ಗಾಡಿ ಕಳಿಸುವುದು ಇಂಗ್ಲೆಂಡಿನವರಿಗೆ ಹೊಸದೂ ಅಲ್ಲ. 1962ರಲ್ಲಿ ಎಸಿ ಕಂಪನಿ ಇಂಗ್ಲೆಂಡಿನಿಂದ ಹಾಗೆ ಕಳಿಸಿದ್ದಕ್ಕೆ ಅಮೆರಿಕದ ಕ್ಯಾರಲ್ ಶೆಲ್ಬಿ ಫೋರ್ಡ್ ವಿ8 ಕೂರಿಸಿದ್ದೇ ಕೋಬ್ರಾ. ಇನ್ನು ಬೆಂಗಳೂರಿನ ಬೊಮ್ಮಸಂದ್ರದ ರೇವಾ ಆ ದಿನಗಳಲ್ಲಿ ಜಿ-ವಿಜ್ ಎಂಬ ಹೆಸರಿಟ್ಟುಕೊಂಡು ಲಂಡನ್ನಿನಲ್ಲಿ ಓಡಾಡುತ್ತಿತ್ತಲ್ಲ, ಕಾಗದದ ಪ್ರಕಾರ ಅದೂ ಕಾರಲ್ಲ, ಕ್ವಾಡ್ರಿಸೈಕಲ್. ನಮ್ಮೂರಿನವರೂ ಕಡಿಮೆಯೇನಿಲ್ಲ ಎಂದು ಹೆಮ್ಮೆಯಾಯಿತು.

ಬೋಲ್ಟುಗಳನ್ನು ಎಣಿಸಿ ಚೀಲಕ್ಕೆ ತುಂಬುವುದೂ ಬರಬರುತ್ತ ನನ್ನ ತಲೆಗೇ ಬಂತು. ಲೆಕ್ಕದವನಲ್ಲವೇ. ಕಳೆದುಕೊಂಡರೆ ಇರಲಿ ಎಂದು ಲೆಕ್ಕಕ್ಕಿಂತ ಹತ್ತು ಹೆಚ್ಚು ಹಾಕುವುದು ಶೆಡ್ಡಿನ ಪದ್ಧತಿ.

ಹಾಲೆಂಡಿನ ಒಬ್ಬ ನಿವೃತ್ತ ಮೇಷ್ಟ್ರು ನಮ್ಮ ಕಿಟ್ ಕೊಂಡಿದ್ದರು. ಪ್ರತಿ ಶನಿವಾರ ಹತ್ತು ಗಂಟೆಗೆ ಫೋನು. ಒಂದು ವಾರ ಬ್ರೇಕಿನ ಕೊಳವೆ, ಇನ್ನೊಂದು ವಾರ ವೈಪರು. ಯಜಮಾನ ಚಹಾ ಹಿಡಿದು, ಕಾಲು ಮೇಜಿನ ಮೇಲಿಟ್ಟು, ಮುಕ್ಕಾಲು ಗಂಟೆ ಮಾತಾಡುತ್ತಿದ್ದ. ಹೆಂಡತಿ ಬಿಟ್ಟುಹೋದ ಮೇಲೆ ಅವನಿಗೂ ಶನಿವಾರಗಳು ಉದ್ದವಾಗಿದ್ದವು. ಹೀಗೆ ನಾಲ್ಕು ವರ್ಷ. ಒಂದು ದಿನ ಮೇಷ್ಟ್ರು, “ಗಾಡಿ ಆಯಿತು. ಆದರೆ ಹನ್ನೊಂದು ಬೋಲ್ಟು ಉಳಿದಿವೆ” ಎಂದರು.

“ಹತ್ತು ನಾವೇ ಹೆಚ್ಚಿಗೆ ಹಾಕ್ತೀವಿ.”

“ಹಾಗಾದರೆ ಇನ್ನೊಂದು?”

ಮೇಜಿನಾಚೆ ಕೂತಿದ್ದ ನನ್ನ ಎದೆ ಧಸಕ್ಕೆಂದಿತು. ಆ ಚೀಲ ಎಣಿಸುವಾಗ ನಾಯಿ ಬೊಗಳಿದ್ದು, ನಾನು ಎದ್ದುಹೋಗಿ ಬಂದು, ಎಲ್ಲಿದ್ದೆನೋ ಅಂದಾಜಿನ ಮೇಲೆ ಮುಂದುವರಿಸಿದ್ದು ನೆನಪಾಯಿತು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಯಜಮಾನ, “ಬನ್ನಿ, ಮುಂದಿನ ಚಕ್ರದಿಂದ ಶುರು ಮಾಡಿ ನೋಡೋಣ” ಎಂದು ನಕ್ಷೆ ಬಿಡಿಸಿಕೊಂಡಿದ್ದ. ಮುಖದಲ್ಲಿ ಎಂಥ ಉಮೇದು! ಮುಂದಿನ ಶನಿವಾರ ಹಿಂದಿನ ಆಕ್ಸಲ್ಲು. ಅದರ ಮುಂದಿನ ವಾರ ಸೀಟು. ಆ ಒಂದು ಬೋಲ್ಟಿನ ನೆವದಲ್ಲಿ ಇಬ್ಬರು ಮುದುಕರು ಇಡೀ ಗಾಡಿಯನ್ನು ಬಾಯಲ್ಲೇ ಮತ್ತೊಮ್ಮೆ ಬಿಚ್ಚಿ ಜೋಡಿಸಿದರು. ನಾನು ರಸೀದಿಯಲ್ಲಿ ತಲೆ ಹುದುಗಿಸಿ ಕೂತೆ. ಐದು ವಾರ ತಡೆಯಿತು ಅದು. ಆಮೇಲೆ ಅಂಚೆಯಲ್ಲಿ ಒಂದು ಫೋಟೋ ಬಂತು: ಕಾಲುವೆಯ ಏರಿಯ ಮೇಲೆ ಹಸಿರು ಗಾಡಿ, ಪಕ್ಕದಲ್ಲಿ ಟೊಪ್ಪಿಗೆ ಹಾಕಿದ ಮೇಷ್ಟ್ರು. ಜೊತೆಗೆ ಆ ಬೋಲ್ಟು.

ಮುಂದಿನ ಶನಿವಾರ ಯಜಮಾನ ಹತ್ತು ಗಂಟೆಗೆ ಚಹಾ ಮಾಡಿಕೊಂಡು ಮೇಜಿಗೆ ಬಂದು ಕೂತ. ಹತ್ತೂವರೆಗೆ ಎದ್ದುಹೋಗಿ, ಗುಡಿಸಿದ್ದ ನೆಲವನ್ನೇ ಗುಡಿಸಿದ.

ನಾವು ಊರಿಗೆ ಮರಳುವಾಗ ಮನೆ ಸಾಮಾನಿಗೆಂದು ಅವನೇ ಒಂದು ಪೈನ್ ಮರದ ಪೆಟ್ಟಿಗೆ ಹೊಡೆದುಕೊಟ್ಟ. ಪರದೇಶಕ್ಕೆ ಹೋಗುವ ಮರದೊಳಗೆ ಹುಳ ಇರಬಾರದೆಂದು ಅದನ್ನು 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ‘ಎಚ್‌ಟಿ’ ಎಂಬ ಮುದ್ರೆ ಒತ್ತಿರುತ್ತಾರೆ. ಮುಚ್ಚಳ ಬಡಿಯುವ ಮುಂಚೆ ಜೇಬಿನಿಂದ ಬೋಲ್ಟು ತೆಗೆದು ನನ್ನ ಅಂಗೈಗೆ ಹಾಕಿದ.

“ತಗೋ, ಇದು ನಿನ್ನ ಲೆಕ್ಕದ್ದು.”

ಎಷ್ಟು ದಿನದಿಂದ ಗೊತ್ತಿತ್ತೋ, ಕೇಳುವ ಧೈರ್ಯ ನನಗಾಗಲಿಲ್ಲ.

ಪೆಟ್ಟಿಗೆ ಈಗ ದಾವಣಗೆರೆಯಲ್ಲಿ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಮಗುಚಿಕೊಂಡಿದೆ. ಮೇಲೆ ಇವಳ ಉಪ್ಪಿನಕಾಯಿ ಜಾಡಿಗಳು, ಜಾಡಿಗಳ ಸಂದಿಯಲ್ಲಿ ಬೋಲ್ಟು. ಮೊನ್ನೆ ವಿದ್ಯುತ್ ಇಲಾಖೆಯಲ್ಲಿರುವ ನನ್ನ ಭಾಮೈದ ಊಟಕ್ಕೆ ಬಂದವನು ತಾನೇ ಮಿಡಿಗಾಯಿ ಬಡಿಸಿಕೊಳ್ಳಲು ಹೋಗಿ, ಪೆಟ್ಟಿಗೆಯ ಮೇಲಿನ ಮುದ್ರೆ ಓದಿ, ಚಾಚಿದ ಕೈ ಹಿಂದಕ್ಕೆಳೆದುಕೊಂಡ.

“ಭಾವ, ಹೈ ಟೆನ್ಷನ್ ಪೆಟ್ಟಿಗೇನ ಅಡುಗೆಮನೇಲಿ ಇಟ್ಕೊಂಡೀರಲ್ರೀ!”